ತಂಬಾಕಿನ ಬೇರಿನಿಂದ ಮಿದುಳಿನ ಕೋಶಕ್ಕೆ

ನಿಕೋಟಿನ್ ತಯಾರಾಗುವುದು ತಂಬಾಕಿನ ಎಲೆಯಲ್ಲಲ್ಲ, ಬೇರಿನಲ್ಲಿ. ಬೇರಿನ ಕೋಶಗಳಲ್ಲಿ ಹುಟ್ಟಿದ ಅದು ನೀರಿನ ಜೊತೆ ಮೇಲೇರಿ ಎಲೆಯ ಕೋಶಗಳ ರಸದಾನಿಗಳಲ್ಲಿ ಶೇಖರವಾಗುತ್ತದೆ. ಎಲೆ ತಿನ್ನುವ ಹುಳುಗಳಿಗೆ ಅದು ವಿಷ. ಹುಳು ಕಡಿದರೆ ಗಿಡದಲ್ಲಿ ಜಾಸ್ಮೊನೇಟ್ ಎಂಬ ಹಾರ್ಮೋನು ಹೆಚ್ಚಿ, ಬೇರು ಇನ್ನಷ್ಟು ನಿಕೋಟಿನ್ ತಯಾರಿಸತೊಡಗುತ್ತದೆ. ನಿಪ್ಪಾಣಿ, ಚಿಕ್ಕೋಡಿ ಕಡೆಯ ರೈತರು ಹೂ ಬಿಡುವ ಮುನ್ನ ಗಿಡದ ಕುಡಿ ಮುರಿದು, ಎಲೆಗಳ ಕಂಕುಳಲ್ಲಿ ಬರುವ ಚಿಗುರು ಕಿತ್ತುಹಾಕುವುದು ಎಲೆ ದಪ್ಪವಾಗಿ ಖಾರವಾಗಲೆಂದು. ಗಿಡಕ್ಕೆ ಮಾತ್ರ ಅದೂ ಒಂದು ಗಾಯವೇ. ಎಲೆಯಲ್ಲಿ ನಿಕೋಟಿನ್ ಏರುತ್ತದೆ.

ಕೃಷ್ಣೆಯ ನೀರು ಸಿಕ್ಕಿದ ರಾಯಬಾಗ, ಅಥಣಿ, ಕಾಗವಾಡದ ಹೊಲಗಳನ್ನು ಕಬ್ಬು ಆವರಿಸಿದರೆ, ನಿಪ್ಪಾಣಿ ಬೀಡಿ ತಂಬಾಕಿನ ಪೇಟೆಯಾಗಿ ಬೆಳೆಯಿತು. 1981ರಲ್ಲಿ ನ್ಯಾಯವಾದ ಬೆಲೆಗಾಗಿ ಇಲ್ಲಿನ ತಂಬಾಕು ಬೆಳೆಗಾರರು ಹೆದ್ದಾರಿ ತಡೆದು ಕೂತರು. ಪೊಲೀಸರ ಗುಂಡಿಗೆ ರೈತರು ಬಲಿಯಾದರು. ಬೆಲೆಯ ಬಗ್ಗೆ ಆದಷ್ಟು ಚರ್ಚೆ ಎಲೆ ಮುಟ್ಟುವ ಕೈಗಳ ಬಗ್ಗೆ ಆಗಲಿಲ್ಲ. ವಖಾರಗಳಲ್ಲಿ ತಂಬಾಕು ಬಡಿದು, ಜರಡಿ ಹಿಡಿದು, ಕಡ್ಡಿ ಬೇರ್ಪಡಿಸುವ ಕೈಗಳು ಬಹುಪಾಲು ಹೆಂಗಸರವು.

ಆ ಕೈಗಳ ಮೂಲಕವೇ ನಿಕೋಟಿನ್ ಮೈಸೇರುತ್ತದೆ. ಅದರ ಅಣು ಎರಡು ರೂಪದಲ್ಲಿರಬಲ್ಲದು. ಆಮ್ಲೀಯ ವಾತಾವರಣದಲ್ಲಿ ವಿದ್ಯುದಾವೇಶ ಹೊತ್ತಿರುವುದರಿಂದ ಕೋಶದ ಕೊಬ್ಬಿನ ಪೊರೆಯನ್ನು ಸುಲಭವಾಗಿ ದಾಟಲಾರದು. ಕ್ಷಾರೀಯವಾದರೆ ಆವೇಶ ಕಳಚಿ ಸರಾಗವಾಗಿ ನುಸುಳುತ್ತದೆ. ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಚ್ಚಿ ಹೆಬ್ಬೆರಳಿನಿಂದ ತಿಕ್ಕಿ, ತಟ್ಟಿ, ಪುಡಿ ಹಾರಿಸಿ ತುಟಿಯ ಹಿಂದೆ ಇಟ್ಟುಕೊಳ್ಳುವವರಿಗೆ ಈ ರಸಾಯನಶಾಸ್ತ್ರ ಗೊತ್ತಿರಬೇಕಿಲ್ಲ, ಸುಣ್ಣವಿಲ್ಲದಿದ್ದರೆ ‘ಕಿಕ್’ ಬರುವುದಿಲ್ಲ ಎಂಬುದಂತೂ ಗೊತ್ತು. ಸುಣ್ಣ ಬಾಯಿಯ ಆಮ್ಲೀಯತೆಯನ್ನು ತಗ್ಗಿಸುತ್ತದೆ, ನಿಕೋಟಿನ್ ಒಸಡು ಕೆನ್ನೆಗಳ ಒಳಪದರದಿಂದ ನೇರ ರಕ್ತಕ್ಕಿಳಿಯುತ್ತದೆ. ಬೀಡಿಯ ಹೊಗೆಗೆ ಸುಣ್ಣ ಬೇಡ; ಶ್ವಾಸಕೋಶದ ಗಾಳಿಗೂಡುಗಳ ಹರವೇ ಸಾಕು. ಎಳೆದ ಹೊಗೆಯ ನಿಕೋಟಿನ್ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಮಿದುಳು ಮುಟ್ಟುತ್ತದೆ.

ಚರ್ಮದ ದಾರಿ ನಿಧಾನದ್ದು, ಆದರೆ ಖಚಿತ. ನಿಕೋಟಿನ್ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಇಬ್ಬನಿಯಲ್ಲೋ ಮಳೆಯಲ್ಲೋ ನೆನೆದ ಎಲೆಗಳನ್ನು ತಬ್ಬಿ ಹೊತ್ತವರ ಕುಪ್ಪಸ, ಸೆರಗು ಒದ್ದೆಯಾಗಿ ಮೈಗಂಟಿದಾಗ ಅದು ಗಂಟೆಗಟ್ಟಲೆ ಒಳಗಿಳಿಯುತ್ತಲೇ ಇರುತ್ತದೆ. ವಾಕರಿಕೆ, ವಾಂತಿ, ತಲೆಸುತ್ತು, ತಲೆನೋವು ಕಾಣಿಸಿಕೊಳ್ಳುತ್ತವೆ. ವೈದ್ಯಶಾಸ್ತ್ರ ಇದನ್ನು ಹಸಿ ತಂಬಾಕಿನ ಬೇನೆ ಎಂದು ಗುರುತಿಸಿದೆ. ಹೊಲದಲ್ಲಿ ಮಾತ್ರ ಇದು ಬಿಸಿಲಿನ ಲೆಕ್ಕಕ್ಕೋ ಪಿತ್ತದ ಲೆಕ್ಕಕ್ಕೋ ಹೋಗಿಬಿಡುತ್ತದೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಗುಜರಾತಿನ ತಂಬಾಕು ಕೂಲಿಗಳ ಮೇಲೆ ನಡೆಸಿದ ಅಧ್ಯಯನಗಳಲ್ಲಿ ಅವರ ಮೂತ್ರದಲ್ಲಿ ನಿಕೋಟಿನ್ ಮತ್ತು ಅದರಿಂದ ಹುಟ್ಟುವ ಕೋಟಿನಿನ್ ಪತ್ತೆಯಾಗಿದ್ದವು.

ಹುಳುವಿಗೆಂದು ಗಿಡ ಮಾಡಿದ ವಿಷ ಮನುಷ್ಯನಿಗೇಕೆ ನಾಟಬೇಕು? ಹುಳು, ಮನುಷ್ಯ ಇಬ್ಬರ ನರಕೋಶಗಳೂ ಅಸಿಟೈಲ್‌ಕೋಲಿನ್ ಎಂಬ ಒಂದೇ ಸಂದೇಶವಾಹಕವನ್ನು ಬಳಸುತ್ತವೆ. ಅದನ್ನು ಗುರುತಿಸುವ ಗ್ರಾಹಕವೆಂದರೆ ಕೋಶದ ಪೊರೆಯಲ್ಲಿ ಐದು ಪ್ರೋಟೀನುಗಳು ಸುತ್ತುವರಿದು ನಿಂತ ಒಂದು ರಂಧ್ರ. ಅಸಿಟೈಲ್‌ಕೋಲಿನ್ ಬಂದು ಕೂತೊಡನೆ ರಂಧ್ರ ತೆರೆದು ಸೋಡಿಯಂ, ಕ್ಯಾಲ್ಸಿಯಂ ಅಯಾನುಗಳು ಒಳನುಗ್ಗುತ್ತವೆ, ನರ ಮಿಡಿಯುತ್ತದೆ. ಮರುಕ್ಷಣವೇ ಕಿಣ್ವವೊಂದು ಅಸಿಟೈಲ್‌ಕೋಲಿನನ್ನು ತುಂಡರಿಸುತ್ತದೆ. ನಿಕೋಟಿನ್ ಅದೇ ಗ್ರಾಹಕದಲ್ಲಿ ಕೂರಬಲ್ಲದು, ಆದರೆ ಆ ಕಿಣ್ವಕ್ಕೆ ಬಗ್ಗುವುದಿಲ್ಲ. ಕೇಂಬ್ರಿಜ್‌ನ ಜಾನ್ ಲ್ಯಾಂಗ್ಲಿ 1905ರಲ್ಲಿ ಕೋಳಿಯ ಸ್ನಾಯುವಿನ ಮೇಲೆ ನಿಕೋಟಿನ್ ಪ್ರಯೋಗಿಸುತ್ತಲೇ ಕೋಶದಲ್ಲಿ ‘ಗ್ರಹಿಸುವ ವಸ್ತು’ವೊಂದು ಇರಲೇಬೇಕೆಂದು ವಾದಿಸಿದ. ಇಂದಿನ ಔಷಧಶಾಸ್ತ್ರ ನಿಂತಿರುವ ಗ್ರಾಹಕದ ಕಲ್ಪನೆಗೆ ತಂಬಾಕಿನ ಋಣವೂ ಇದೆ.

ಮಿದುಳಿನಲ್ಲಿ ಈ ಗ್ರಾಹಕಗಳು ತೆರೆದಾಗ ಡೋಪಮಿನ್ ಬಿಡುಗಡೆಯಾಗಿ ಹಿತವೆನಿಸುತ್ತದೆ. ನಿಕೋಟಿನ್ ಮೇಲಿಂದ ಮೇಲೆ ಬಂದರೆ ಗ್ರಾಹಕಗಳು ಜಡವಾಗುತ್ತವೆ. ಅದನ್ನು ಸರಿದೂಗಿಸುವಂತೆ ಪೊರೆಯಲ್ಲಿ ಅವುಗಳ ಸಂಖ್ಯೆ ಹೆಚ್ಚುತ್ತದೆ. ರಾತ್ರಿ ನಿದ್ದೆಯ ಹೊತ್ತಿಗೆ ನಿಕೋಟಿನ್ ಇಳಿದು ಗ್ರಾಹಕಗಳು ಮತ್ತೆ ಚುರುಕಾಗುತ್ತವೆ. ಬೆಳಗಿನ ಮೊದಲ ಬೀಡಿಯ ಚಡಪಡಿಕೆ ಹುಟ್ಟುವುದು ಇಲ್ಲಿ. ಚಟವನ್ನು ಸ್ವಭಾವದ ದೋಷವೆಂದು ಬಯ್ಯುವವರು ಈ ಲೆಕ್ಕವನ್ನು ಮರೆಯುತ್ತಾರೆ.

ಚಟ ಹಿಡಿಸುವುದು ನಿಕೋಟಿನ್. ಕ್ಯಾನ್ಸರ್ ತರುವುದು ಮುಖ್ಯವಾಗಿ ಅದರ ಜೊತೆಗಾರರು. ಎಲೆ ಒಣಗುವಾಗ, ದಾಸ್ತಾನಿನಲ್ಲಿರುವಾಗ, ಬ್ಯಾಕ್ಟೀರಿಯಾಗಳು ಉಂಟುಮಾಡುವ ನೈಟ್ರೈಟ್ ತಂಬಾಕಿನ ಆಲ್ಕಲಾಯ್ಡುಗಳೊಡನೆ ಸೇರಿ ನೈಟ್ರೋಸಮೀನುಗಳಾಗುತ್ತವೆ. ದೇಹ ಇವನ್ನು ಹೊರಹಾಕಲು ಬದಲಾಯಿಸುವ ಭರದಲ್ಲೇ ಇನ್ನಷ್ಟು ಅಪಾಯಕಾರಿ ತುಣುಕುಗಳು ಹುಟ್ಟಿ ಡಿಎನ್‌ಎಯ ಗ್ವಾನಿನ್ ಅಕ್ಷರಕ್ಕೆ ಅಂಟಿಕೊಳ್ಳುತ್ತವೆ. ಕೋಶ ಸುಮ್ಮನಿರುವುದಿಲ್ಲ. ಎಂಜಿಎಂಟಿ ಎಂಬ ಪ್ರೋಟೀನು ಆ ಅಂಟನ್ನು ಡಿಎನ್‌ಎಯಿಂದ ಕಿತ್ತು ತನ್ನ ಮೈಗೇ ಹಚ್ಚಿಕೊಳ್ಳುತ್ತದೆ. ಒಂದು ಅಣು ಒಂದೇ ರಿಪೇರಿ ಮಾಡಬಲ್ಲದು. ಆಮೇಲೆ ಅದು ನಿರುಪಯುಕ್ತ. ಹಾನಿ ದಿನವಿಡೀ ನಡೆದಿದ್ದರೆ ರಿಪೇರಿ ಹಿಂದೆ ಬೀಳುತ್ತದೆ, ಅಷ್ಟರಲ್ಲಿ ಕೋಶ ಎರಡಾಗಿ ವಿಭಜಿಸಿದರೆ ತಪ್ಪು ಅಕ್ಷರ ಮರಿಕೋಶಕ್ಕೆ ದಾಟುತ್ತದೆ. ಇಂಥ ಕೋಶಗಳನ್ನು ತಡೆದು ನಿಲ್ಲಿಸುವ, ಇಲ್ಲವೇ ಸಾಯಲು ಆದೇಶಿಸುವ ಕೆಲಸ ಪಿ53 ಪ್ರೋಟೀನಿನದು. ತಂಬಾಕು ಬಳಸುವವರ ಬಾಯಿಯ, ಶ್ವಾಸಕೋಶದ ಗಡ್ಡೆಗಳಲ್ಲಿ ಬಹಳ ಸಲ ಕೆಟ್ಟಿರುವುದು ಈ ಪಿ53ರ ಜೀನೇ.

ಸೇದುವುದನ್ನು ಬಿಟ್ಟರೆ ಮಿದುಳಿನ ಹೆಚ್ಚುವರಿ ಗ್ರಾಹಕಗಳು ಕೆಲವೇ ತಿಂಗಳಲ್ಲಿ ಸೇದದವರ ಮಟ್ಟಕ್ಕಿಳಿಯುತ್ತವೆ. ಕ್ಯಾನ್ಸರಿನ ಅಪಾಯ ವರ್ಷಗಳು ಕಳೆದಂತೆ ತಗ್ಗುತ್ತದೆ. ಆದರೆ ತಂಬಾಕಿನ ಕೂಲಿಗೆ ಹೋಗುವವರಿಗೆ ‘ಬಿಡಿ’ ಎಂದು ಹೇಳಿ ಪ್ರಯೋಜನವಿಲ್ಲ. ಅವರಿಗೆ ಬೇಕಾದದ್ದು ರಬ್ಬರಿನ ಕೈಗವಸು, ನೀರು ಇಳಿಯದ ಮೇಲಂಗಿ, ವಖಾರದಲ್ಲಿ ಧೂಳು ಹೊರಹೋಗುವ ಗಾಳಿಕಿಂಡಿ, ಕೆಲಸ ಮುಗಿದೊಡನೆ ಕೈ ತೊಳೆಯಲು ನೀರು ಮತ್ತು ಸೋಪು. ಇವನ್ನು ಒದಗಿಸಬೇಕಾದವರು ಕೂಲಿ ಕೊಡುವವರು.