ಮರ ಬಿಟ್ಟು ಬೇಲಿ ನೋಡಿ

ಬೆಂಗಳೂರಿನ ನಮ್ಮ ಬಡಾವಣೆಯ ಪಾರ್ಕಿಗೆ ವಾಕಿಂಗ್ ಬರುವವರಿಗೆ ಸಣ್ಣ ಹಕ್ಕಿ ಯಾವುದು ಕಂಡರೂ ಗುಬ್ಬಿಯೇ. ದಾಸವಾಳದ ಮಕರಂದ ಹೀರುವ ಸೂರಕ್ಕಿಯೂ ಗುಬ್ಬಿ, ಹುಲ್ಲಿನ ತೆನೆಗೆ ಜೋತುಬಿದ್ದ ರಾಟವಾಳವೂ ಗುಬ್ಬಿ. “ಗುಬ್ಬಿ ಇಲ್ಲ ಅಂತೀರಲ್ಲ ಮೇಡಂ, ನೋಡಿ ಅಲ್ಲಿ!” ಎಂದು ಎದುರುಮನೆಯ ರಾಯರು ಸಂಭ್ರಮದಿಂದ ತೋರಿಸಿದ್ದು ಸೂರಕ್ಕಿಯನ್ನು.

ನಾನು ಬಣ್ಣಕ್ಕೂ ಮೊದಲು ಕೊಕ್ಕು ನೋಡುತ್ತೇನೆ. ಗುಬ್ಬಚ್ಚಿಯದು ಕಾಳು ಒಡೆಯುವ ಮೋಟು ಕೊಕ್ಕು. ತೆಳ್ಳಗೆ ಬಾಗಿದ್ದರೆ ಸೂರಕ್ಕಿ, ಅಲ್ಲಿಗೆ ಅದರ ವಿಚಾರ ಮುಗಿಯಿತು. ರಾಟವಾಳದ್ದೂ ದಪ್ಪ ಕೊಕ್ಕೇ. ಆದರೆ ಹದಿನೈದು ಸೆಂಟಿಮೀಟರಿನ ಗುಬ್ಬಿಗಿಂತ ಅದು ಚಿಕ್ಕದು, ಬೆನ್ನ ಮೇಲೆ ಗುಬ್ಬಿಗಿರುವ ದಪ್ಪ ಕಪ್ಪು ಗೀರುಗಳೂ ಇಲ್ಲ.

ಗಂಡು ಗುಬ್ಬಿಯ ನೆತ್ತಿ ಬೂದು, ಕಣ್ಣಿನ ಹಿಂದೆ ಕೆಂಗಂದು, ಕೆನ್ನೆ ಬಿಳಿ. ಗಂಟಲಿನಿಂದ ಎದೆಗೆ, ಕೂಸಿಗೆ ಕಟ್ಟಿದ ಜೊಲ್ಲಿನ ಬಟ್ಟೆಯಂತೆ, ಕಪ್ಪು ಪಟ್ಟೆ. ಈ ಕಪ್ಪಿನದೊಂದು ತಮಾಷೆಯಿದೆ. ಹಳೆಯ ಪುಕ್ಕ ಉದುರಿ ಹೊಸದು ಬಂದಾಗ ಅದರ ತುದಿ ಮಾಸಲು. ತುದಿ ಸವೆಯುತ್ತ ಹೋದಂತೆ ಒಳಗಿನ ಕಪ್ಪು ಮೇಲೆದ್ದು ಬರುತ್ತದೆ. ಮರಿ ಮಾಡುವ ಕಾಲಕ್ಕೆ ಕೊಕ್ಕೂ ಕಪ್ಪಾಗುತ್ತದೆ. ಎಂದರೆ ಗಂಡು ಮದುವೆಗೆ ಸಿಂಗರಿಸಿಕೊಳ್ಳುವುದು ಉಡುಪು ಸವೆಸಿಯೇ! ಹೆಣ್ಣಿಗೆ ಈ ಪಟ್ಟೆಯಿಲ್ಲ. ಮಣ್ಣು ಬಣ್ಣ, ಕಣ್ಣಿನ ಹಿಂದೆ ತಿಳಿ ಹುಬ್ಬುಗೆರೆ. ಮರಿಗಳೂ ಹಾಗೆಯೇ ಕಾಣುವುದರಿಂದ ಕಂದು ಬಣ್ಣದ್ದೆಲ್ಲ ಹೆಣ್ಣು ಎನ್ನಬೇಡಿ.

ಹುಡುಕುವುದೆಲ್ಲಿ? ಎಲ್ಲರೂ ಕತ್ತೆತ್ತಿ ಮರ ನೋಡುತ್ತಾರೆ. ಗುಬ್ಬಿಗೆ ದಟ್ಟ ತೋಪು ಒಗ್ಗದು. ಅದರ ಜಾಗ ಪಾರ್ಕಿನ ಅಂಚು: ಒತ್ತಾದ ಬೇಲಿಗಿಡ, ಜಾರುಬಂಡೆಯ ಬುಡದ ಒಣಮಣ್ಣು, ಗೇಟಿನ ಆಚೆಯ ದಿನಸಿ ಅಂಗಡಿ. ಮಣ್ಣಿನಲ್ಲಿ ಅಂಗೈಯಗಲದ ಗುಳಿಗಳಿದ್ದರೆ ಗುಬ್ಬಿಗಳು ಧೂಳುಸ್ನಾನ ಮಾಡಿ ಹೋಗಿರಬಹುದು. ಬೇಲಿಯೊಳಗಿಂದ ಚಿವ್ ಚಿವ್ ಎಂಬ ಗಲಾಟೆ ಕೇಳಿದರೆ ನಿಂತುಬಿಡಿ. ನೀವು ಅಲುಗದಿದ್ದರೆ ಒಂದೊಂದಾಗಿ ಕೆಳಗಿಳಿದು ಎರಡೂ ಕಾಲಲ್ಲಿ ಕುಪ್ಪಳಿಸುತ್ತವೆ.

2010ರಿಂದ ಮಾರ್ಚ್ 20ರಂದು ಗುಬ್ಬಚ್ಚಿ ದಿನ ನಡೆಯುತ್ತಿದೆ. ಗೂಡಿನ ಪೆಟ್ಟಿಗೆ ಹಂಚುತ್ತಾರೆ, ಹಂಚಲಿ. ಆದರೆ ಪುಟ್ಟ ಮರಿಗೆ ಕಾಳಿಗಿಂತ ಹುಳ ಮುಖ್ಯ. ಗಿಡಕ್ಕೆಲ್ಲ ಔಷಧಿ ಹೊಡೆದು, ನೆಲಕ್ಕೆಲ್ಲ ಟೈಲ್ಸ್ ಹಾಸಿ ಪೆಟ್ಟಿಗೆ ತೂಗುಹಾಕಿದರೆ ತಾಯಿ ತಂದಿಡುವುದೇನನ್ನು? ಈ ಸಲ ಪಾರ್ಕಿನ ಸಭೆಯಲ್ಲಿ ಜಾರುಬಂಡೆಯ ಸುತ್ತಲೂ ಟೈಲ್ಸ್ ಹಾಕಿಸುವ ಮಾತು ಬಂತು. ಬೇಡವೆಂದು ಕೈಯೆತ್ತಿದ್ದೇನೆ. ರಾಯರೂ ಎತ್ತಿದರು.