ಪಡುವಣದ ದೋಣಿಚಂದ್ರ

2023ನೆಯ ಇಸವಿಯ ಮಾರ್ಚ್ 24ರ ಸಂಜೆ, ಹಲಸಿಯ ಭೂವರಾಹ ನರಸಿಂಹ ದೇವಾಲಯವನ್ನು ದರ್ಶಿಸಿ ಖಾನಾಪುರಕ್ಕೆ ಮರಳಿ, ಕಣಕುಂಬಿಯಲ್ಲಿ ಹುಟ್ಟಿ ಬೇಸಗೆಯಲ್ಲಿ ಕೃಶಳಾಗುವ ಮಲಪ್ರಭೆಯ ದಂಡೆಯಲ್ಲಿ ನಾನು ನಿಂತಿದ್ದಾಗ, ಯುಗಾದಿ ಕಳೆದ ತದಿಗೆಯ ಚಂದ್ರಲೇಖೆಯು ಎರಡೂ ಕೋಡುಗಳನ್ನು ಮೇಲಕ್ಕೆತ್ತಿ ದೋಣಿಯಂತೆ ಪಶ್ಚಿಮಾಕಾಶದಲ್ಲಿ ತೇಲುತ್ತಿದ್ದಿತು. ಅದರ ತಳಕ್ಕೆ ತಗುಲಿದನೋ ಎಂಬಷ್ಟು ಸಮೀಪದಲ್ಲಿ ಶುಕ್ರನು ಜ್ವಲಿಸುತ್ತಿದ್ದನು. ಎತ್ತುಗಳ ಮೈತೊಳೆಯುತ್ತಿದ್ದ ಹಿರಿಯರೊಬ್ಬರು, “ಅದೇನ್ರಿ ಸಾಹೇಬ್ರ, ಚಂದ್ರಾಮನ ಬುಡಕ ಕುಂತದ್ದು?” ಎಂದು ಕೇಳಿದರು. ಶುಕ್ರನೆಂದು ಹೇಳಿದೊಡನೆ ಮನೆಯ ಮಕ್ಕಳನ್ನೆಲ್ಲ ಕೂಗಿ ಕರೆದರು. ಅದೇ ದಿನ ಭೂಮಿಯ ಕೆಲವು ಭಾಗಗಳಲ್ಲಿ ಶುಕ್ರನು ಚಂದ್ರಬಿಂಬದ ಹಿಂದೆ ಮರೆಯೇ ಆಗಿದ್ದನೆಂಬುದನ್ನು ಕೇಳಿದ ಆ ಮಕ್ಕಳ ವಿಸ್ಮಯ ಇಂದಿಗೂ ನನ್ನ ಕಣ್ಣಮುಂದಿದೆ. ಗುರುವು ಸೂರ್ಯನಿಗೆ ತೀರ ಸಮೀಪನಾಗಿದ್ದುದರಿಂದ ಬೇಗನೆ ಅಸ್ತಂಗತನಾದನು. ಕೆಂಪು ಮಂಗಳನು ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಇದ್ದನು.

ಗ್ರಹಗಳ ಬೆಳಕು ನಕ್ಷತ್ರಗಳಂತೆ ಮಿನುಗದೆ ಸ್ಥಿರವಾಗಿರುತ್ತದೆಂಬುದನ್ನೂ, ಸೂರ್ಯನಿಂದ 47 ಅಂಶಗಳಿಗಿಂತ ದೂರ ಸರಿಯದ ಶುಕ್ರನು ನಡುರಾತ್ರಿಯಲ್ಲಿ ನೆತ್ತಿಗೇರಲಾರನೆಂಬುದನ್ನೂ ವಾಚಕರು ಬಲ್ಲರು. ನನ್ನ ಕುತೂಹಲವನ್ನು ಸೆಳೆದುದು ಆ ಚಂದ್ರನ ಭಂಗಿ.

ಚಂದ್ರಗ್ರಹಗಳು ಚಲಿಸುವ ಕ್ರಾಂತಿಪಥವು, ಸುಮಾರು ಹದಿನಾರನೆಯ ಉತ್ತರ ಅಕ್ಷಾಂಶದ ಸಮೀಪವಿರುವ ಬೆಳಗಾವಿ ಸೀಮೆಯಲ್ಲಿ, ಮಾರ್ಚ್ ತಿಂಗಳ ಸಂಜೆ ದಿಗಂತಕ್ಕೆ ಬಹುಮಟ್ಟಿಗೆ ಲಂಬವಾಗಿ ನಿಲ್ಲುತ್ತದೆ. ಮುಳುಗಿದ ಸೂರ್ಯನು ಚಂದ್ರನ ನೇರ ಕೆಳಗಿರುವುದರಿಂದ ಬೆಳಗುವುದು ತಳಭಾಗವೇ. ಸೆಪ್ಟೆಂಬರಿನಲ್ಲಿ ಆ ಪಥವು 51 ಅಂಶಗಳಷ್ಟಕ್ಕೆ ಓರೆಯಾಗಿ ಚಂದ್ರನೂ ವಾಲುತ್ತಾನೆ. ಆದರೆ ಖಾನಾಪುರದ ಕಾಡುಗಳ ಮೇಲೆ ಆಗ ಮಳೆಮೋಡ ಕವಿದಿರುವುದೇ ಹೆಚ್ಚು. ಲಂಡನ್ನಿನಲ್ಲಿ ಅದೇ ಕೋನವು 15 ಅಂಶಗಳಿಗಿಳಿದು ಚಂದ್ರಲೇಖೆಯು ನೆಟ್ಟಗೆ ನಿಲ್ಲುತ್ತದೆ. ನಮ್ಮ ಮಕ್ಕಳ ಚಿತ್ರಪುಸ್ತಕಗಳಲ್ಲಿ ಹಾಗೆ ನಿಂತ ಚಂದ್ರನನ್ನು ಕಂಡಾಗಲೆಲ್ಲ ಇದು ನಮ್ಮ ನೆಲದ ಚಂದ್ರನಲ್ಲವೆಂದು ನನ್ನ ಮನಸ್ಸು ಪ್ರತಿಭಟಿಸುತ್ತದೆ. ದತ್ತಿಯು ಆಚಂದ್ರಾರ್ಕವಾಗಿ ನಿಲ್ಲಲೆಂದು ಶಾಸನಶಿಲೆಗಳ ನೆತ್ತಿಯಲ್ಲಿ ನಮ್ಮ ಶಿಲ್ಪಿಗಳು ಕೆತ್ತಿದ ಚಂದ್ರನ ಕೋಡುಗಳಾದರೋ ಬಹುಮಟ್ಟಿಗೆ ಮೇಲ್ಮುಖವಾಗಿಯೇ ಇರುತ್ತವೆ. ಅದು ಕೇವಲ ಸಂಪ್ರದಾಯವೆಂದು ಪಂಡಿತರು ಹೇಳಬಹುದು. ಆದರೆ ಚೈತ್ರದ ಸಂಜೆಗಳನ್ನು ಕಣ್ಣಾರೆ ಕಂಡವರ ಕೈಯಿಂದಲೇ ಆ ಸಂಪ್ರದಾಯ ಹುಟ್ಟಿತೆಂದು ನಾನು ನಂಬಿದ್ದೇನೆ.

2008ರ ಡಿಸೆಂಬರ್ 1ರಂದು ಶುಕ್ರ, ಗುರು, ಚಂದ್ರರು ಒಟ್ಟುಗೂಡಿದುದೂ, 2020ರ ಡಿಸೆಂಬರ್ 21ರಂದು ಗುರುಶನಿಗಳು ಒಂದು ಅಂಶದ ಹತ್ತನೆಯ ಒಂದು ಪಾಲಿನಷ್ಟು, 1623ರ ಅನಂತರ ಎಂದೂ ಇಲ್ಲದಷ್ಟು, ಹತ್ತಿರವಾದುದೂ ಪತ್ರಿಕೆಗಳಲ್ಲಿ ವಿಪುಲವಾಗಿ ವರ್ಣಿತವಾದವು. ಅಂಥ ಅಪೂರ್ವಯೋಗಗಳಿಗಾಗಿ ಕಾಯಬೇಕಾದುದಿಲ್ಲ. ಪ್ರತಿ ತಿಂಗಳೂ ಚಂದ್ರನು ತಾನಾಗಿಯೇ ಒಂದೊಂದು ಗ್ರಹದ ನೆರೆಗೆ ಬರುತ್ತಾನೆ. ಸಂಕಷ್ಟಿಯ ರಾತ್ರಿ ಕ್ಯಾಲೆಂಡರಿನಲ್ಲಿ ಚಂದ್ರೋದಯದ ಗಳಿಗೆಯನ್ನು ನೋಡಿ, ಮಾಳಿಗೆಯೇರಿ, ಉಪವಾಸದಿಂದ ಮೂಡಣವನ್ನು ನಿರೀಕ್ಷಿಸುವ ಬೆಳಗಾವಿಯ ಮನೆಗಳು, ಶುಕ್ಲಪಕ್ಷದ ಎಳೆಯ ಚಂದ್ರನಿಗಾಗಿ ಪಡುವಣದತ್ತಲೂ ಒಮ್ಮೆ ತಿರುಗಬಾರದೇಕೆ?

ನಗರದ ದೀಪಗಳು ಅಡ್ಡಿಯೆನಿಸಿದವರು ಯಳ್ಳೂರಿನ ರಾಜಹಂಸಗಡವನ್ನೇರಲಿ; ಶುಕ್ರನಿಗೂ ಚಂದ್ರನಿಗೂ ಮನೆಯ ಮಾಳಿಗೆಯೇ ಸಾಕು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಬಿದಿಗೆ ತದಿಗೆಗಳಂದು, ಸೂರ್ಯಾಸ್ತದ ಅರ್ಧ ಗಂಟೆಯ ಅನಂತರ ಮಕ್ಕಳನ್ನು ಕರೆದುಕೊಂಡು ಹೊರಗೆ ಬನ್ನಿರಿ. ಆ ಚಂದ್ರನ ಚಿತ್ರವನ್ನು ಅವರು ತಾವು ಕಂಡಂತೆಯೇ ಬರೆಯಲಿ.