ಹರಳಿನ ಗೂಡಿನಲ್ಲಿ ಉಳಿದ ನೀಲಿ

ಮೈಸೂರು ಶೈಲಿಯ ಚಿತ್ರಕ್ಕೆ ನೀಲಿ ಬೇಕೇ ಬೇಕು, ಕೃಷ್ಣನ ಮೈಗೂ ಅವನ ಹಿಂದಿನ ಆಕಾಶಕ್ಕೂ. ಹಿಂದಿನ ಚಿತ್ರಗಾರರು ಗಿಡ, ಕಲ್ಲು, ಮಣ್ಣುಗಳಿಂದ ಬಣ್ಣವನ್ನು ತಾವೇ ಅರೆದುಕೊಳ್ಳುತ್ತಿದ್ದರು. ಇಂದು ಹೆಚ್ಚಿನವರು ಅಂಗಡಿಯ ಟ್ಯೂಬನ್ನೇ ನೆಚ್ಚಿದ್ದಾರೆ. ಇದರಿಂದ ಪರಂಪರೆಯೇ ಕೆಟ್ಟಿತೆಂದು ಕೊರಗುವವರಿದ್ದಾರೆ. ಆ ಕೊರಗನ್ನು ನಾನು ಪೂರ್ತಿ ಒಪ್ಪಲಾರೆ. ಬಣ್ಣ ಗಣಿಯಿಂದ ಬಂತೋ ಕಾರ್ಖಾನೆಯಿಂದ ಬಂತೋ ಎಂಬುದಕ್ಕಿಂತ, ಹಳೆಯ ನೀಲಿಯನ್ನು ಬಾಳಿಸಿದ ಒಳರಚನೆ ಹೊಸದರಲ್ಲೂ ಇದೆಯೇ ಎಂಬುದು ಮುಖ್ಯ.

ರಾಜಾವರ್ತವನ್ನೇ ನೋಡಿ. ಅಫ್ಘಾನಿಸ್ತಾನದ ಬದಕ್‌ಶಾನ್ ಗಣಿಗಳ ಈ ಕಲ್ಲನ್ನು ಅರೆದು ಶುದ್ಧ ನೀಲಿ ತೆಗೆಯುವುದು ಬಲು ದುಬಾರಿ ಕೆಲಸವಾಗಿತ್ತು. ಅಗ್ಗದ ದಾರಿ ಕಂಡುಹಿಡಿದವರಿಗೆ 6,000 ಫ್ರಾಂಕ್ ಬಹುಮಾನವೆಂದು ಫ್ರಾನ್ಸಿನ ಉದ್ಯಮ ಸಂಘವೊಂದು 1824ರಲ್ಲಿ ಸಾರಿತು. 1828ರಲ್ಲಿ ಅದು ಝಾನ್ ಬ್ಯಾಪ್ಟಿಸ್ಟ್ ಗಿಮೆಗೆ ಸಂದಿತು. ಮೈಸೂರಿನಲ್ಲಿ ಚಿತ್ರಗಾರರಿಗೆ ಆಶ್ರಯ ಕೊಟ್ಟ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲವೂ ಅದೇ. ಬಿಳಿ ಜೇಡಿ, ಸೋಡಾ, ಗಂಧಕ, ಇದ್ದಿಲುಗಳನ್ನು ಸುಮಾರು 800 ಡಿಗ್ರಿಯಲ್ಲಿ ಕಾಯಿಸಿದರೆ ಈ ನೀಲಿ, ಅಂದರೆ ಅಲ್ಟ್ರಾಮರೀನ್, ಸಿದ್ಧ. ಅಲ್ಯೂಮಿನಿಯಂ, ಸಿಲಿಕಾನ್, ಆಮ್ಲಜನಕ ಸೇರಿ ಕಟ್ಟಿದ ಗೂಡಿನಲ್ಲಿ ಮೂರು ಗಂಧಕ ಪರಮಾಣುಗಳ ಗುಂಪು ಸೆರೆಯಾಗಿದೆ, ನೀಲಿ ಅದರದೇ. ಕಲ್ಲಿನಲ್ಲೂ ಇದೇ ಗೂಡು, ಕುಲುಮೆಯಲ್ಲೂ ಇದೇ ಗೂಡು. ಬಿಳಿ ಬಟ್ಟೆಗೆ ಹಾಕುತ್ತಿದ್ದ ನೀಲಿ ಪುಡಿಯೂ ಇದೇ ವಸ್ತು ಎಂದರೆ ನಂಬುವುದು ಕಷ್ಟ, ಆದರೆ ನಿಜ.

ನಮ್ಮ ನೀಲಿಗಿಡದ ಬಣ್ಣಕ್ಕೆ ಇಂಥ ಗೂಡಿಲ್ಲ. 1897ರಲ್ಲಿ ಜರ್ಮನಿಯ ಬಿಎಎಸ್ಎಫ್ ಮಾರುಕಟ್ಟೆಗೆ ತಂದ ಕೃತಕ ನೀಲಿಯ ಅಣು ಗಿಡದ ಅಣುವಿನಂತೆಯೇ ಇತ್ತು. ಹಾಗಾಗಿ ತೆಳ್ಳಗೆ ಬಳಿದಾಗ ಬಿಸಿಲಿಗೆ ಮಾಸುವ ಗುಣವೂ ಜೊತೆಗೇ ಬಂತು. ಮೆಕ್ಸಿಕೋದ ಮಾಯಾ ಜನರ ಜಾಣ್ಮೆ ದೊಡ್ಡದು. ಅದೇ ನೀಲಿಯನ್ನು ಅವರು ಪಾಲಿಗೊರ್ಸ್ಕೈಟ್ ಎಂಬ ಜೇಡಿಯ ಜೊತೆ ಕಾಯಿಸಿದರು. ಜೇಡಿಯ ಸಣ್ಣ ಕೊಳವೆಗಳಲ್ಲಿ ಅಣು ಬಿಗಿಯಾಗಿ ಕೂತಿತು. ಅವರ ಊರಾದ ಬೊನಾಂಪಾಕ್‌ನ ಭಿತ್ತಿಗಳ ಮೇಲೆ, ಮಳೆಕಾಡಿನ ತೇವದ ನಡುವೆ, ಆ ನೀಲಿ ಸಾವಿರ ವರ್ಷಕ್ಕೂ ಮೀರಿ ಉಳಿದಿದೆ. ಈ ಮಾದರಿಯ ವರ್ಣದ್ರವ್ಯಗಳನ್ನು ಈಗ ಮತ್ತೆ ತಯಾರಿಸುತ್ತಿದ್ದಾರೆ. ನೀಲಿಗಿಡ ಬೆಳೆದ ನಾಡಿನ ಚಿತ್ರಗಾರರು ಇದನ್ನು ಬಳಸಿ ನೋಡಲೇಬೇಕೆಂಬುದು ನನ್ನ ಆಸೆ.

ಆಕ್ಷೇಪಗಳಿವೆ. ಅರೆದ ಕಲ್ಲಿನ ಕಣಗಳು ಒಂದೇ ಅಳತೆಯವಲ್ಲ, ನಡುನಡುವೆ ಬಿಳಿ ಕ್ಯಾಲ್ಸೈಟ್ ಬೇರೆ. ಆ ಒರಟಿನ ಸೊಗಸು ಕುಲುಮೆಯ ನಯವಾದ ಪುಡಿಗಿಲ್ಲ ಎನ್ನುತ್ತಾರೆ. ಮಾತು ಸರಿ, ಅದು ನಷ್ಟವೇ. ಆದರೆ ತೆಳು ಪದರಗಳ ಮೇಲೆ ಪದರ ಎಳೆದು ಪಳಗಿದ ಕೈ ಆ ಕೊರತೆಯನ್ನು ಬಹುಮಟ್ಟಿಗೆ ತುಂಬಬಲ್ಲದು. ಕೊಳ್ಳುವಾಗಲೂ ಎಚ್ಚರ ಬೇಕು, ಟ್ಯೂಬಿನ ಮೇಲೆ ಬರೀ ‘ನೀಲಿ’ ಎಂದಿದ್ದರೆ ಸಾಲದು. ವರ್ಣದ್ರವ್ಯದ ಸಂಕೇತ ಪಿಬಿ 29 ಎಂದಿದ್ದರೆ ಅಲ್ಟ್ರಾಮರೀನ್, ಪಿಬಿ 15 ಎಂದಿದ್ದರೆ 1930ರ ದಶಕದ ಥ್ಯಾಲೊಸಯನೀನ್. ಎರಡನೆಯದೂ ಗಟ್ಟಿ ಬಣ್ಣವೇ, ಆದರೆ ಹಳೆಯ ನೀಲಿಗಳ ವಂಶಕ್ಕೆ ಸೇರಿದ್ದಲ್ಲ.

ಇನ್ನೊಂದು ಭಯ ಮೈಸೂರಿನ ಚಿತ್ರಕ್ಕೆ ಹತ್ತಿರದ್ದು. ಚಿನ್ನದ ರೇಕಿನಡಿಯ ಗೆಸ್ಸೊ ಉಬ್ಬುಕೆಲಸಕ್ಕೆ ಸಂಪ್ರದಾಯದಂತೆ ಸೀಸದ ಸಫೇದ ಬೇಕು; ಗಂಧಕ ತಗುಲಿದರೆ ಸೀಸ ಕಪ್ಪಾಗುತ್ತದೆ. ಗಂಧಕವಿರುವ ಅಲ್ಟ್ರಾಮರೀನನ್ನು ಅದರ ಪಕ್ಕದಲ್ಲಿ ಬಳಿಯಬಹುದೇ? ಗೂಡಿನೊಳಗೆ ಸೆರೆಯಾದ ಗಂಧಕ ಸುಲಭಕ್ಕೆ ಹೊರಬಾರದು. ಅಪಾಯವಿರುವುದು ಸರಿಯಾಗಿ ತೊಳೆಯದ ಅಗ್ಗದ ಪುಡಿಯಲ್ಲಿ ಉಳಿದ ಬಿಡಿ ಗಂಧಕದಿಂದ, ಮತ್ತೆ ಗೂಡನ್ನೇ ಒಡೆಯುವ ಹುಳಿಯಿಂದ. ಹಾಗಾಗಿ ಕಲಾವಿದರ ದರ್ಜೆಯ ಪುಡಿಯನ್ನೇ ಕೊಳ್ಳಬೇಕು. ಚಿತ್ರದ ಹಿಂದೆ ಅಂಟಿಸುವ ಹಲಗೆ, ಕಾಗದಗಳಲ್ಲಿ ಆಮ್ಲದ ಅಂಶ ಇರಬಾರದು.